ಕೀಟನ್ ಚಿತ್ರಕ್ಕೆ ಮದ್ದಳೆ ಹಿಡಿದು ಕೂರುವವರಿಗೆ

ಒಂದನೇ ರೈಲಿಗೇ ಮುಕ್ತಾಯ ಹೊಡೆದುಬಿಟ್ಟೆ. ನಾನು ಮಾಡಿದ ತಪ್ಪುಗಳಲ್ಲಿ ಅದೇ ದೊಡ್ಡದು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಬ್ರಹ್ಮಾವರದ ಹತ್ತಿರ ನಮ್ಮೂರ ಶಾಲೆಯ ಹಾಲ್. ಆಟಿ ತಿಂಗಳ ಶನಿವಾರ, ಹೊರಗೆ ಧೋ ಎಂದು ಮಳೆ. ಪರದೆಯ ಮೇಲೆ ಅಮೆರಿಕದ ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್‌ನ 'ಒನ್ ವೀಕ್'. 1920ರ ಚಿತ್ರ, ಇಪ್ಪತ್ತು ನಿಮಿಷದ ಆಸುಪಾಸು. ಹೊಸದಾಗಿ ಮದುವೆಯಾದ ಜೋಡಿಗೆ ಪೆಟ್ಟಿಗೆಗಳಲ್ಲಿ ತುಂಬಿಸಿದ ಮನೆಯೊಂದು ಉಡುಗೊರೆಯಾಗಿ ಬರುತ್ತದೆ. ನಂಬರ್ ನೋಡಿಕೊಂಡು ಜೋಡಿಸಬೇಕು. ಹುಡುಗಿ ಸಿಗದೆ ಸಿಟ್ಟಾದವನೊಬ್ಬ ಪೆಟ್ಟಿಗೆಯ ನಂಬರ್ ಬದಲಿಸುತ್ತಾನೆ. ಮನೆ ಸೊಟ್ಟಗೆ ಏಳುತ್ತದೆ. ಕೊನೆಗೆ ಅದನ್ನು ಎಳೆದುಕೊಂಡು ಹೋಗುವಾಗ ರೈಲು ಹಳಿಯ ಮೇಲೆ ಸಿಕ್ಕಿಕೊಳ್ಳುತ್ತದೆ. ದೂರದಲ್ಲಿ ರೈಲು ಬರುತ್ತಿದೆ. ಗಂಡ ಹೆಂಡತಿ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಯಕ್ಷಗಾನದ ಮದ್ದಳೆ ಹಿಡಿದು ಕೂತಿದ್ದ ನಾನು ಕಾಲ (ಲಯದ ವೇಗ) ಏರಿಸುತ್ತಾ ಹೋದೆ. ರೈಲು ಹತ್ತಿರ ಬಂತು. ಭರ್ಜರಿ ಮುಕ್ತಾಯ ಕೊಟ್ಟೆ. ರೈಲು ಪಕ್ಕದ ಹಳಿಯಲ್ಲಿ ಹಾದು ಹೋಯಿತು. ಜನ ನಕ್ಕರು. ನಾನು ಬೈರಾಸಿನಲ್ಲಿ ಕೈ ಒರೆಸಿಕೊಂಡೆ. ಅಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ರೈಲು ಬಂದು ಮನೆಯನ್ನು ಪುಡಿ ಮಾಡಿತು. ಮದ್ದಳೆಯಲ್ಲಿ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಚಿತ್ರದ ಅತಿ ದೊಡ್ಡ ನಗು ನನ್ನಿಂದಾಗಿ ಅರ್ಧ ಆಯಿತು.

ಹೊರಗೆ ಚಾ ಕುಡಿಯುವಾಗ ಊರಿನ ಹಿರಿಯರೊಬ್ಬರು ಹೇಳಿದರು: "ಒಂದ್ನೇ ರೈಲಿಗೇ ಮಂಗಳ ಹಾಡಿ ಬಿಟ್ರಲ್ಲ ಮಾರಾಯ್ರೆ!"

ಆಮೇಲೆ ಪ್ರತಿ ಮಳೆಗಾಲ ನಾವು ಕೀಟನ್ ಚಿತ್ರ ಹಾಕುತ್ತಿದ್ದೇವೆ. ಆಟಗಳು ನಿಲ್ಲುವ ದಿನವಾದ ಪತ್ತನಾಜೆ ಕಳೆದ ಮೇಲೆ ಬಯಲಾಟ ಇಲ್ಲ, ಹವ್ಯಾಸಿಗಳಾದ ನಮಗೂ ಕೈ ಖಾಲಿ. ಹಗಲಿಗೆ ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂರುವವನು. ಇದನ್ನು ಹಚ್ಚಿದವಳು ಮಗಳು. ಕಾಲೇಜಿನಿಂದ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ತಂದು, "ಅಪ್ಪಾ, ಇದರ ಪಿಯಾನೋ ಕೇಳಿ ಸಾಕಾಯ್ತು, ನೀನು ಮದ್ದಳೆ ನುಡಿಸು" ಎಂದಳು. ಈಗ ಬೇರೆ ಊರಿನ ತಂಡದವರು ಹೇಗೆ ಮಾಡುವುದು ಅಂತ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸುಸ್ತಾಗಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಇದು ಹುಚ್ಚಾಟವೇನಲ್ಲ

"ಇಂಗ್ಲಿಷ್ ಚಿತ್ರಕ್ಕೆ ಮದ್ದಳೆಯಾ?" ಎಂದು ಮೂಗು ಮುರಿಯುವವರು ಇರುತ್ತಾರೆ. ಅವರಿಗೆ ಒಂದು ಮಾತು ಹೇಳಿ. ಮೂಕಿ ಚಿತ್ರ ಅದರ ಕಾಲದಲ್ಲಿ ಮೂಕವಾಗಿ ಓಡಿದ್ದು ಕಡಿಮೆ. ಸಣ್ಣ ಥಿಯೇಟರಿನಲ್ಲಿ ಒಬ್ಬ ಪಿಯಾನೋದವನು, ದೊಡ್ಡದರಲ್ಲಿ ಆರ್ಗನ್ ಅಥವಾ ಇಡೀ ವಾದ್ಯವೃಂದ. ಯಾವ ದೃಶ್ಯಕ್ಕೆ ಎಂಥ ಸಂಗೀತ ಎಂಬ ಪಟ್ಟಿಯನ್ನು ಚಿತ್ರದ ಕಂಪನಿಯವರೇ ಕಳಿಸುವುದೂ ಇತ್ತು. ಆದರೂ ಎಷ್ಟೋ ಕಡೆ ವಾದಕ ಪರದೆ ನೋಡುತ್ತಾ ಮನಸ್ಸಿಗೆ ಬಂದದ್ದನ್ನು ನುಡಿಸುತ್ತಿದ್ದ. ವೇಷದ ಕಾಲು ನೋಡಿ ನುಡಿಸುವ ನಮಗೆ ಇದು ಹೊಸದಾ?

ನಮ್ಮ ಕರಾವಳಿಗಂತೂ ಮೂಕಿ ಚಿತ್ರ ಪರಕೀಯ ಅಲ್ಲ. ಕೋಟದ ಶಿವರಾಮ ಕಾರಂತರು ಸ್ವತಃ ಮೂಕಿ ಚಿತ್ರಕ್ಕೆ ಕೈ ಹಾಕಿದವರು. 'ಡೊಮಿಂಗೋ' ಅವರದ್ದು. ಯಕ್ಷಗಾನದ ಬ್ಯಾಲೆಗೆ ಪಿಟೀಲು, ಸ್ಯಾಕ್ಸೋಫೋನ್ ತಂದು ಬೈಸಿಕೊಂಡವರೂ ಅವರೇ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 'ಮೃಚ್ಛಕಟಿಕ' ಮೂಕಿ ಚಿತ್ರದಲ್ಲಿ ನಟಿಸಿದ್ದರು. ಕಾರಂತಜ್ಜ ಆಟಕ್ಕೆ ಸ್ಯಾಕ್ಸೋಫೋನ್ ತಂದರೆ ನಾವು ಕೀಟನ್‌ಗೆ ಮದ್ದಳೆ ಒಯ್ಯಬಾರದಾ ಎಂದು ನಾನು ಕೇಳುತ್ತೇನೆ. ಇದಕ್ಕೆ ಉತ್ತರ ಕೊಟ್ಟವರು ಇಲ್ಲಿಯವರೆಗೆ ಸಿಕ್ಕಿಲ್ಲ.

ಹಕ್ಕಿನ ವಿಷಯ. 1957ರ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಚಲನಚಿತ್ರಕ್ಕೆ ರಕ್ಷಣೆ ಇರುವುದು ಬಿಡುಗಡೆಯಾದ ಮಾರನೇ ವರ್ಷದಿಂದ 60 ವರ್ಷ. ಕೀಟನ್‌ನ ಮೂಕಿಗಳೆಲ್ಲ 1929ರ ಒಳಗಿನವು. ಚಿತ್ರಕ್ಕೆ ತೊಂದರೆ ಇಲ್ಲ. ಆದರೆ ಈಚೆಗೆ ಯಾರೋ ಕೂರಿಸಿದ ಸಂಗೀತಕ್ಕೆ ಬೇರೆಯೇ ಹಕ್ಕು ಇರುತ್ತದೆ. ಹೇಗೂ ನಾವು ಆ ಸದ್ದನ್ನು ಬಂದ್ ಮಾಡಿಯೇ ನುಡಿಸುವುದು.

ಬಂದ್ ಮಾಡುವುದು ಎಂದರೆ ಪೂರ್ತಿ ಬಂದ್. ಲ್ಯಾಪ್‌ಟಾಪಿನಲ್ಲೂ, ಪ್ರೊಜೆಕ್ಟರಿನಲ್ಲೂ. ಒಮ್ಮೆ ನಾವು ಲ್ಯಾಪ್‌ಟಾಪಿನದ್ದನ್ನು ತಗ್ಗಿಸಿ ಸುಮ್ಮನಾಗಿದ್ದೆವು. ಪ್ರೊಜೆಕ್ಟರಿನ ಸಣ್ಣ ಸ್ಪೀಕರಿನಿಂದ ಪಿಯಾನೋ ಕೀಂ ಕೀಂ ಎನ್ನುತ್ತಿತ್ತು. ಹಾರ್ಮೋನಿಯಂನವರು ಶ್ರುತಿ ಎಲ್ಲಿಂದ ಬರುತ್ತಿದೆ ಎಂದು ಸುತ್ತ ಹುಡುಕುತ್ತಿದ್ದರು.

ಕೂರುವುದು, ಶ್ರುತಿ, ವೇಗ

ಪರದೆಯ ಕೆಳಗೆ ಎದುರು ಮುಖ ಮಾಡಿ ಕೂರಬೇಡಿ. ರಂಗಸ್ಥಳದ ಅಭ್ಯಾಸ ಇರುವವರು ಮೊದಲು ಮಾಡುವ ತಪ್ಪೇ ಇದು. ಆಟದಲ್ಲಿ ವೇಷ ನಮ್ಮ ಮುಂದೆ ಕುಣಿಯುತ್ತದೆ, ಇಲ್ಲಿ ಪರದೆ ಬೆನ್ನಿಗೆ ಬೀಳುತ್ತದೆ. ಪ್ರೇಕ್ಷಕರ ಎಡಗಡೆ, ಮೊದಲ ಸಾಲಿಗಿಂತ ಸ್ವಲ್ಪ ಮುಂದೆ, ಓರೆಯಾಗಿ ಕೂತರೆ ಕತ್ತು ನೋಯುವುದಿಲ್ಲ. ಬೆಳಕು ಬೇಡ. ನಮಗೆ ಬೇಕಾದದ್ದೆಲ್ಲ ಪರದೆಯ ಮೇಲೇ ಇದೆ.

ಚೆಂಡೆ ಬೇಡ. ಮುಚ್ಚಿದ ಹಾಲಿನಲ್ಲಿ ಚೆಂಡೆ ಬಾರಿಸಿದರೆ ಪರದೆಯ ಮೇಲಿನ ಮನುಷ್ಯ ಸಣ್ಣವನಾಗುತ್ತಾನೆ. ಒಂದೇ ಒಂದು ಕಡೆ ಮಾತ್ರ ಅದಕ್ಕೆ ಜಾಗ ಇದೆ, ಮುಂದೆ ಹೇಳುತ್ತೇನೆ. ಒಂದು ಮದ್ದಳೆ, ತಾಳ, ಶ್ರುತಿಗೆ ಹಾರ್ಮೋನಿಯಂ. ಇಷ್ಟು ಧಾರಾಳ.

ಮಳೆಗಾಲದಲ್ಲಿ ಚರ್ಮ ತೇವ ಎಳೆದು ಶ್ರುತಿ ಇಳಿಯುತ್ತದೆ. ಎಸಿ ಹಾಲ್ ಸಿಕ್ಕಿತು ಎಂದು ಹಿಗ್ಗಬೇಡಿ, ಅಲ್ಲಿ ಗಾಳಿ ಒಣಗಿ ಅರ್ಧ ಗಂಟೆಗೆ ಶ್ರುತಿ ಏರುತ್ತದೆ. ನಾನು ಎರಡು ಮದ್ದಳೆ ಒಯ್ಯುತ್ತೇನೆ. ಒಂದು ಗಂಟೆ ಮುಂಚೆಯೇ ಹಾಲಿನ ಒಳಗೆ ಮದ್ದಳೆಗೆ ಸುತ್ತಿದ ಬಟ್ಟೆ ಬಿಚ್ಚಿ ಇಡುತ್ತೇನೆ, ಜಾಗದ ಹವೆ ಅದಕ್ಕೆ ಹಿಡಿಯಲಿ.

ಇನ್ನು ಚಿತ್ರದ ವೇಗ. ಆ ಕಾಲದ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಒಂದು ಸೆಕೆಂಡಿಗೆ 16 ಚೌಕಟ್ಟೂ ಇರಬಹುದು, 24ರ ಹತ್ತಿರವೂ ಇರಬಹುದು. ಹಾಗಾಗಿ ನೆಟ್‌ನಲ್ಲಿ ಸಿಗುವ ಕೆಲವು ಪ್ರತಿಗಳಲ್ಲಿ ಜನ ಇರುವೆಗಳ ಹಾಗೆ ಓಡುತ್ತಾರೆ. ಹಾಗಿದ್ದರೆ ವಿಎಲ್‌ಸಿ ಪ್ಲೇಯರಿನಲ್ಲಿ ವೇಗವನ್ನು 0.9ಕ್ಕೆ ಇಳಿಸಿ ನೋಡಿ. ಅದಕ್ಕಿಂತ ಕೆಳಗೆ ಬೇಡ. ಓಟದ ದೃಶ್ಯ ಚುರುಕಾಗಿ ಕಾಣಲಿ ಎಂದೇ ಕ್ಯಾಮೆರಾವನ್ನು ನಿಧಾನ ತಿರುಗಿಸುವುದು ಹಾಸ್ಯ ಚಿತ್ರದವರ ರೂಢಿ. ಅದನ್ನೂ ಸರಿ ಮಾಡಲು ಹೋದರೆ ಓಟ ಮದುವೆ ದಿಬ್ಬಣ ಆಗುತ್ತದೆ. ಒಮ್ಮೆ ನಿಗದಿ ಮಾಡಿದ ವೇಗವನ್ನು ಪ್ರದರ್ಶನದ ದಿನ ಮುಟ್ಟಬೇಡಿ. ನಿಮ್ಮ ಕೈ ಆ ವೇಗಕ್ಕೆ ಕೂತಿರುತ್ತದೆ.

ಕೈ ನಗಬಾರದು

ನುಡಿಸುವ ಮೊದಲು ಈ ಮನುಷ್ಯ ಯಾರು ಎಂದು ತಿಳಿದಿರಬೇಕು. ಪರೀಕ್ಷೆಗೆ ಓದಿದ ಹಾಗಲ್ಲ. ಅವನು ಎಲ್ಲಿಂದ ಬಂದ ಎಂಬುದು ಕೈಗೆ ಗೊತ್ತಿರಬೇಕು, ಅಷ್ಟೇ.

ಕೀಟನ್ ಹುಟ್ಟಿದ್ದು 1895ರ ಅಕ್ಟೋಬರ್ 4, ಅಮೆರಿಕದ ಕಾನ್ಸಾಸ್ ರಾಜ್ಯದ ಪೀಕ್ವಾ ಎಂಬ ಸಣ್ಣ ಊರಿನಲ್ಲಿ. ಅಪ್ಪ ಅಮ್ಮ ಊರೂರು ಸುತ್ತುವ ರಂಗದ ಕಲಾವಿದರು. ಮಗುವೂ ರಂಗ ಹತ್ತಿತು. ಅಪ್ಪ ಅವನನ್ನು ಎತ್ತಿ ಎತ್ತಿ ಎಸೆಯುವುದೇ ಆಟ. ಹಿಡಿಯಲು ಸುಲಭವಾಗಲಿ ಎಂದು ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರು. ಮಕ್ಕಳ ರಕ್ಷಣೆಯ ಸಂಘದವರು ಹಿಂದೆ ಬಿದ್ದಿದ್ದರು. ಬೀಳುವುದು ಹೇಗೆ ಎಂಬ ಪಾಠ ಅವನಿಗೆ ಅಲ್ಲೇ ಆಯಿತು.

ನಮ್ಮಲ್ಲಿ ಕೋಡಂಗಿ, ಬಾಲಗೋಪಾಲ ವೇಷ ಮಾಡಿ ಹುಡುಗರು ಮೇಲೆ ಬಂದ ಹಾಗೆಯೇ. ಚೌಕಿಯ (ಬಣ್ಣ ಹಚ್ಚುವ ಮನೆಯ) ಮೂಲೆಯಲ್ಲಿ ನಿದ್ದೆ ಮಾಡಿ, ಬೆಳಗಿನ ಜಾವ ಎಬ್ಬಿಸಿದ ಕೂಡಲೇ ಕುಣಿದವರು ಈ ಕಥೆಯನ್ನು ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಆ ಹುಡುಗನಿಗೆ ಒಂದು ವಿಷಯ ಬೇಗ ಗೊತ್ತಾಯಿತು. ಬಿದ್ದು ಎದ್ದು ತಾನು ನಕ್ಕರೆ ಜನ ನಗುವುದಿಲ್ಲ. ತಾನು ಸುಮ್ನೆ ನೋಡಿದರೆ ಜಾಸ್ತಿ ನಗುತ್ತಾರೆ. ಅಂದಿನಿಂದ ಅವನ ಮುಖ ಕಲ್ಲು. ಆಮೇಲೆ ಜಗತ್ತು ಅವನನ್ನು 'ಕಲ್ಲು ಮುಖದವನು' ಎಂದೇ ಕರೆಯಿತು.

ಮದ್ದಳೆಗಾರನಿಗೆ ಎಲ್ಲಕ್ಕಿಂತ ಮುಖ್ಯವಾದ ಪಾಠ ಇಲ್ಲೇ ಇದೆ. ಅವನು ನಗದ ಕಡೆ ನಿಮ್ಮ ಕೈ ನಗಬಾರದು. ಹಾಸ್ಯಗಾರ ಬಂದಾಗ ನಾವು ಕೈಯಲ್ಲಿ ಒಂದು ಕುಚೇಷ್ಟೆ ಮಾಡುತ್ತೇವೆ ನೋಡಿ, ವೇಷದ ಜೊತೆ ತಮಾಷೆಗೆ ಸೇರಿಕೊಳ್ಳುತ್ತೇವೆ. ಇಲ್ಲಿ ಅದು ಆಗದು. ಕೀಟನ್ ಜಾರಿ ಬಿದ್ದ ಕೂಡಲೇ ಒಂದು 'ಧೋಂ' ಎಂದರೆ ಅದು ಸರ್ಕಸ್. ಪ್ರತಿ ಬೀಳುವಿಕೆಗೆ ಒಂದು ಪೆಟ್ಟು ಹಾಕುವ ಚಟ ನನಗೂ ಇತ್ತು. ಬಿಡಿಸಿದವಳು ಮಗಳು. ಒಂದು ಪ್ರದರ್ಶನವನ್ನು ಫೋನಿನಲ್ಲಿ ತೆಗೆದು ತೋರಿಸಿದಳು. ನಾನು ಧೋಂ ಎಂದ ಕಡೆಯಲ್ಲೆಲ್ಲ ಜನ ಮದ್ದಳೆಯ ಕಡೆ ತಿರುಗಿ ನೋಡಿ ನಗುತ್ತಿದ್ದರು. ಅವನು ಎದ್ದು ಟೊಪ್ಪಿ ಸರಿ ಮಾಡಿಕೊಂಡದ್ದನ್ನು ಯಾರೂ ನೋಡಲೇ ಇಲ್ಲ.

ಅವನನ್ನು ಶ್ರೀಕೃಷ್ಣ ಸಂಧಾನದ ಕೃಷ್ಣನ ಹಾಗೆ ನುಡಿಸಿ. ಗಂಭೀರವಾಗಿ. ಅವನಿಗೆ ಏನೋ ಕೆಲಸ ಆಗಬೇಕಾಗಿದೆ. ಮನೆ ಕಟ್ಟಬೇಕು, ರೈಲು ಹಿಡಿಯಬೇಕು, ಹುಡುಗಿಯ ಅಪ್ಪನನ್ನು ಒಪ್ಪಿಸಬೇಕು. ತಾಳ ಆ ಕೆಲಸದ್ದು.

ಸಣ್ಣದರಿಂದ ದೊಡ್ಡದಕ್ಕೆ

ಎಲ್ಲರೂ 'ದಿ ಜನರಲ್' ಎನ್ನುವ ಹೆಸರು ಕೇಳಿ ಅದರಿಂದಲೇ ಶುರು ಮಾಡುತ್ತಾರೆ. ಬೇಡ. ಅದು ಒಂದು ಗಂಟೆಗಿಂತ ಉದ್ದ. ಅಷ್ಟು ಹೊತ್ತು ನಿಲ್ಲದೆ ನುಡಿಸುವುದು ಇಡೀ ರಾತ್ರಿಯ ಆಟಕ್ಕಿಂತ ಕಷ್ಟ. ಆಟದಲ್ಲಿ ಅರ್ಥಗಾರಿಕೆ ನಡೆಯುವಾಗ ಕೈಗೆ ವಿಶ್ರಾಂತಿ ಸಿಗುತ್ತದೆ. ಇಲ್ಲಿ ಮಾತೇ ಇಲ್ಲ.

ಅವನು ಬೆಳೆದ ದಾರಿಯಲ್ಲೇ ನೀವೂ ಹೋಗಿ. 1917ರಲ್ಲಿ ನ್ಯೂಯಾರ್ಕಿನಲ್ಲಿ ರೋಸ್ಕೋ ಆರ್ಬಕಲ್ ಎಂಬ ದೊಡ್ಡ ಹಾಸ್ಯನಟನ ಜೊತೆ ಸೇರಿಕೊಂಡ. 'ದಿ ಬುಚರ್ ಬಾಯ್' ಮೊದಲ ಚಿತ್ರ. ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಅದನ್ನು ಬಿಚ್ಚಿ ಹರಡಿಕೊಂಡಿದ್ದ ಎಂಬ ಕಥೆ ಇದೆ. ಇದನ್ನು ಓದಿ ನನಗೆ ಖುಷಿಯಾಯಿತು. ಹನ್ನೊಂದನೇ ವಯಸ್ಸಿನಲ್ಲಿ ನಾನು ಗುರುಗಳ ಮದ್ದಳೆಯ ಬಾರು ಸಡಿಲಿಸಿ ಒಳಗೆ ಏನಿದೆ ಎಂದು ಇಣುಕಿದ್ದೆ. ಬೆನ್ನಿಗೆ ಬಿದ್ದದ್ದು ಇವತ್ತಿಗೂ ನೆನಪಿದೆ. ಒಳಗೆ ಏನೂ ಇರಲಿಲ್ಲ, ಗಾಳಿ.

1920ರಿಂದ ಅವನದ್ದೇ ಸಣ್ಣ ಚಿತ್ರಗಳು. ತಲಾ ಎರಡು ರೀಲು. ಮೊದಲ ಮಳೆಗಾಲಕ್ಕೆ ಇವೇ ಸಾಕು. 'ಒನ್ ವೀಕ್' ಹಾಕಿ, 1922ರ 'ಕಾಪ್ಸ್' ಹಾಕಿ.

'ಒನ್ ವೀಕ್'ನಲ್ಲಿ ಬಿರುಗಾಳಿಗೆ ಮನೆ ಗಿರಗಿರ ತಿರುಗುತ್ತದೆ. ಅದು ಟ್ರಿಕ್ ಅಲ್ಲ. ತಿರುಗುವ ಪೀಠದ ಮೇಲೆ ನಿಜವಾದ ಮನೆ ಕಟ್ಟಿದ್ದರು. ಇಲ್ಲಿ ಉರುಳಿಕೆ ಹಾಕುವ ಆಸೆಯಾಗುತ್ತದೆ, ಹಾಕಿ, ಅಡ್ಡಿಲ್ಲ. ಆದರೆ ರೈಲಿನ ಜಾಗಕ್ಕೆ ಬಂದಾಗ ನನ್ನ ತಪ್ಪು ಮಾಡಬೇಡಿ. ಮೊದಲ ರೈಲು ಬರುವಾಗ ಕಾಲ ಏರಿಸಿ. ಅದು ಹಾದು ಹೋಗುವ ಹೊತ್ತಿಗೆ ಮುಕ್ತಾಯ ಕೊಡದೆ ಕೈ ಎತ್ತಿಬಿಡಿ. ತಾಳ ಅರ್ಧದಲ್ಲಿ ನಿಂತ ಹಾಗೆ ಇರಲಿ. ಜನರಿಗೆ ಏನೋ ಬಾಕಿ ಇದೆ ಎಂದು ಅನಿಸುತ್ತದೆ, ಆದರೆ ಏನೆಂದು ಗೊತ್ತಾಗುವುದಿಲ್ಲ. ಗಂಡ ಹೆಂಡತಿ ನಿಟ್ಟುಸಿರು ಬಿಡುತ್ತಾರೆ. ಎರಡನೇ ರೈಲು ನುಗ್ಗಿದಾಗ ಎಡಗೈಯಲ್ಲಿ ಒಂದೇ ಪೆಟ್ಟು. ಅದೇ ನೀವು ಉಳಿಸಿಕೊಂಡಿದ್ದ ಮುಕ್ತಾಯ. ಆಮೇಲೆ ಅವನು ಆ ರಾಶಿಗೆ 'ಮಾರಾಟಕ್ಕಿದೆ' ಎಂಬ ಬೋರ್ಡ್ ಇಟ್ಟು, ಜೋಡಿಸುವ ವಿಧಾನದ ಕಾಗದವನ್ನೂ ಜೊತೆಗಿಟ್ಟು, ಹೆಂಡತಿಯ ಕೈ ಹಿಡಿದು ಹೋಗುತ್ತಾನೆ. ಅಲ್ಲಿ ಏನೂ ನುಡಿಸಬೇಡಿ. ತಾಳದವರಿಗೂ ಮೊದಲೇ ಹೇಳಿಡಿ. ನಮ್ಮ ತಾಳದವರು ಅಭ್ಯಾಸಬಲದಿಂದ 'ಟಿಣ್' ಎಂದು ಮುಗಿಸಿ ಒಮ್ಮೆ ಹಾಳು ಮಾಡಿದ್ದರು.

'ಕಾಪ್ಸ್'ನಲ್ಲಿ ಊರಿನ ಪೊಲೀಸರೆಲ್ಲ ಅವನ ಹಿಂದೆ ಓಡುತ್ತಾರೆ. ನೂರಾರು ಜನ. ಇಲ್ಲಿ ಸುಲಭದ ದಾರಿ ಎಂದರೆ ಯುದ್ಧದ ಏರು ಪದ್ಯದ ಹಾಗೆ ದ್ರುತದಲ್ಲಿ ಬಾರಿಸುವುದು. ಮೂರು ನಿಮಿಷಕ್ಕೆ ಕೇಳುವವರ ಕಿವಿ ಮರಗಟ್ಟುತ್ತದೆ. ನಾನು ಪ್ರಯಾಣ ಕುಣಿತದ ನಡೆ ಹಿಡಿಯುತ್ತೇನೆ. ಅವನು ಒಬ್ಬನೇ ಇದ್ದಾಗ ಸಣ್ಣ ಕೈ, ಪೊಲೀಸರ ಗುಂಪು ಚೌಕಟ್ಟಿಗೆ ನುಗ್ಗಿದಾಗ ತುಂಬಿದ ಕೈ. ವೇಗ ಒಂದೇ, ಸದ್ದು ಮಾತ್ರ ಬೇರೆ. ಕೊನೆಯ ಚಿತ್ರ ಒಂದು ಗೋರಿಕಲ್ಲು, ಅದರ ಮೇಲೆ ಅವನ ಚಪ್ಪಟೆ ಟೊಪ್ಪಿ. ಹಾಸ್ಯ ಚಿತ್ರ ಹೀಗೂ ಮುಗಿಯುತ್ತದಾ ಎಂದು ಹಾಲ್ ತಣ್ಣಗಾಗುತ್ತದೆ. ಬಿಡಿ, ತಣ್ಣಗಾಗಲಿ.

1921ರ 'ದಿ ಪ್ಲೇಹೌಸ್' ಬಗ್ಗೆ ಒಂದು ಎಚ್ಚರಿಕೆ. ಒಂದೇ ಫಿಲ್ಮನ್ನು ಮತ್ತೆ ಮತ್ತೆ ಹಿಂದಕ್ಕೆ ಸುತ್ತಿ ತೆಗೆದು, ವಾದ್ಯದವರು, ಕುಣಿಯುವವರು, ನೋಡುವವರು ಎಲ್ಲ ಅವನೇ ಆಗಿದ್ದಾನೆ. ಒಂದೇ ಚೌಕಟ್ಟಿನಲ್ಲಿ ಒಂಬತ್ತು ಕೀಟನ್. ಕ್ಯಾಮೆರಾದ ಎಲ್ಜಿನ್ ಲೆಸ್ಲಿಯ ಕೈ ಎಷ್ಟು ಸಮ ಇದ್ದಿರಬೇಕು ಎಂದು ತಾಳ ಗೊತ್ತಿದ್ದವರಿಗೆ ತಿಳಿಯುತ್ತದೆ. ಹಿಡಿ ತಿರುಗಿಸುವ ವೇಗ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಬದಲಾದರೆ ಒಬ್ಬ ಕೀಟನ್ ಇನ್ನೊಬ್ಬನ ಜೊತೆ ಕುಣಿಯುವುದಿಲ್ಲ. ಆದರೆ ಅದರಲ್ಲಿ ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಕರಿಯರನ್ನು ಆಡಿಕೊಳ್ಳುವ ಆ ಕಾಲದ ಕೆಟ್ಟ ಚಾಳಿಯೂ ಇದೆ. 1925ರ 'ಸೆವೆನ್ ಚಾನ್ಸಸ್'ನಲ್ಲೂ ಇದೆ. ಮಕ್ಕಳು ಇದ್ದಾಗ ನಾನು ಇವೆರಡನ್ನೂ ಹಾಕುವುದಿಲ್ಲ. ದೊಡ್ಡವರಿಗೆ ಹಾಕಿದರೆ ಮೊದಲೇ ಹೇಳಿ ಹಾಕುತ್ತೇನೆ.

'ಸೆವೆನ್ ಚಾನ್ಸಸ್'ನ ಒಂದು ಸಂಗತಿ ಮಾತ್ರ ನಮ್ಮ ಮೇಳದವರಿಗೆಲ್ಲ ಹೇಳುತ್ತಿರುತ್ತೇನೆ. ಬಿಡುಗಡೆಗೆ ಮೊದಲು ಜನರಿಗೆ ತೋರಿಸಿದಾಗ, ಗುಡ್ಡ ಇಳಿದು ಓಡುವ ಕಡೆ ಯಾರೂ ಎಣಿಸದ ಒಂದು ನಗು ಬಂತು. ಏನೆಂದು ನೋಡಿದರೆ ಅವನ ಕಾಲು ತಾಗಿ ಮೂರು ಸಣ್ಣ ಕಲ್ಲು ಹಿಂದೆ ಉರುಳಿ ಬರುತ್ತಿದ್ದವು. ಕೂಡಲೇ ಹಿಂದೆ ಹೋಗಿ, ಸಣ್ಣದು ದೊಡ್ಡದು ಸುಳ್ಳು ಬಂಡೆಗಳನ್ನು ಮಾಡಿಸಿ, ಇಡೀ ಗುಡ್ಡವೇ ಅಟ್ಟಿಸಿಕೊಂಡು ಬರುವ ಹಾಗೆ ಹೊಸದಾಗಿ ಚಿತ್ರಿಸಿದ. ಲಿಖಿತ ಚಿತ್ರಕಥೆ ಇಟ್ಟುಕೊಳ್ಳುವ ಅಭ್ಯಾಸವೇ ಅವನಿಗೆ ಇರಲಿಲ್ಲ. ಶುರು ಮತ್ತು ಕೊನೆ ಗೊತ್ತಿದ್ದರೆ ನಡುವಿನದ್ದು ತಾನಾಗಿ ಬರುತ್ತದೆ ಎಂಬ ನಂಬಿಕೆ. ಪ್ರಸಂಗ ಗೊತ್ತು, ಮಾತು ರಂಗದಲ್ಲೇ ಹುಟ್ಟುತ್ತದೆ ಎನ್ನುವ ನಮ್ಮವರ ಹಾಗೆ.

ದೊಡ್ಡ ಚಿತ್ರಗಳು

ಎರಡನೇ ಮಳೆಗಾಲಕ್ಕೆ 'ಶೆರ್ಲಾಕ್ ಜೂನಿಯರ್', 1924. ಬರೇ 45 ನಿಮಿಷ. ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸುವ ಹುಡುಗ ನಿದ್ದೆ ಹೋಗುತ್ತಾನೆ, ಕನಸಿನಲ್ಲಿ ಎದ್ದು ಹೋಗಿ ಪರದೆಯ ಒಳಗೆ ಕಾಲಿಡುತ್ತಾನೆ. ಅವನು ಒಳಗೆ ಹೋದ ಮೇಲೆ ಹಿಂದಿನ ಜಾಗ ಬದಲಾಗುತ್ತಲೇ ಇರುತ್ತದೆ. ಕೂರಲು ಹೋದರೆ ಬೆಂಚು ಇಲ್ಲ, ಬೀದಿ. ನಡೆದರೆ ಪ್ರಪಾತದ ಅಂಚು. ಬಗ್ಗಿ ನೋಡಿದರೆ ಸಿಂಹಗಳು. ಆಮೇಲೆ ಮರುಭೂಮಿ, ಸಮುದ್ರದ ಬಂಡೆ, ಹಿಮ. ಕ್ಯಾಮೆರಾಕ್ಕೂ ಅವನಿಗೂ ನಡುವಿನ ದೂರವನ್ನು ಅಳತೆಯ ಉಪಕರಣ ಇಟ್ಟು ಅಳೆದು ತೆಗೆದಿದ್ದರು.

ಮೊದಲ ಸಲ ನಾನು ಜಾಗ ಬದಲಾದ ಹಾಗೆ ತಾಳ ಬದಲಿಸಿದೆ. ಬೀದಿಗೆ ಏಕ, ಸಿಂಹಕ್ಕೆ ರಾಕ್ಷಸರ ಬಣ್ಣದ ವೇಷದ ಅಬ್ಬರ, ಸಮುದ್ರಕ್ಕೆ ಝಂಪೆ. ಬುದ್ಧಿವಂತಿಕೆ ತೋರಿಸಿದೆ ಎಂದುಕೊಂಡಿದ್ದೆ. ನಮ್ಮ ಭಾಗವತರು ಸಂಜೆ ಹೇಳಿದರು: "ಜಾಗ ಬದ್ಲ್ ಆಯ್ತು ಸರಿ, ಮನುಷ್ಯ ಒಬ್ನೇ ಅಲ್ದಾ?" ಅಷ್ಟೇ ಹೇಳಿದ್ದು. ಈಗ ಆ ಇಡೀ ಭಾಗಕ್ಕೆ ಒಂದೇ ಏಕತಾಳ, ಮಧ್ಯ ಕಾಲ. ಹಿಂದೆ ಎಷ್ಟೇ ಜಿಗಿದರೂ ಅವನ ಮೈ ಒಂದೇ ಎಳೆಯಲ್ಲಿ ಸಾಗುತ್ತದೆ. ನಾನು ಆ ಎಳೆ ಹಿಡಿದರೆ ಸಾಕು.

ಇದೇ ಚಿತ್ರದಲ್ಲಿ ರೈಲಿನ ಮೇಲಿಂದ ನೀರಿನ ಟ್ಯಾಂಕಿನ ಕೊಳವೆಗೆ ನೇತುಬೀಳುತ್ತಾನೆ. ನೀರು ಹೊಡೆದ ರಭಸಕ್ಕೆ ಹಳಿಗೆ ಬಡಿದು ಕತ್ತಿನ ಎಲುಬು ಬಿರುಕು ಬಿಟ್ಟಿತ್ತು. ಗೊತ್ತಾದದ್ದು ವರ್ಷಗಟ್ಟಲೆ ನಂತರ, ಎಕ್ಸ್‌ರೇಯಲ್ಲಿ. ನೀವು ನೋಡುವುದು ಆ ಬೀಳುವಿಕೆಯನ್ನೇ. ಎದ್ದು ಓಡುತ್ತಾನೆ. ಇದು ತಿಳಿದ ಮೇಲೆ ಅಲ್ಲಿ ನನ್ನ ಕೈ ತಾನಾಗಿ ತಗ್ಗುತ್ತದೆ.

ಈಗ 'ದಿ ಜನರಲ್'. ತೆಗೆದದ್ದು 1926ರಲ್ಲಿ. ಕ್ಲೈಡ್ ಬ್ರಕ್‌ಮನ್ ಜೊತೆ ಸೇರಿ ನಿರ್ದೇಶಿಸಿದ್ದು. 1862ರಲ್ಲಿ ಅಮೆರಿಕದ ಅಂತರ್ಯುದ್ಧದ ಹೊತ್ತು ನಿಜವಾಗಿ ನಡೆದ ರೈಲು ಕಳವಿನ ಕಥೆ. ಎಂಜಿನ್ ಚಾಲಕ ತನ್ನ ಎಂಜಿನ್ ಅಟ್ಟಿಸಿಕೊಂಡು ಹೋಗುತ್ತಾನೆ, ಅದನ್ನೂ ಹುಡುಗಿಯನ್ನೂ ಬಿಡಿಸಿಕೊಂಡು ವಾಪಸ್ ಬರುತ್ತಾನೆ. ಹೋಗುವಾಗ ಅವನು ಅಟ್ಟಿಸುವವನು, ಬರುವಾಗ ಅವನನ್ನು ಅಟ್ಟಿಸುವವರು. ಗುಲಾಮಗಿರಿಯ ಪರ ಇದ್ದ ದಕ್ಷಿಣದವರ ಕಡೆ ನಿಂತು ಕಥೆ ಹೇಳುತ್ತದೆ ಎಂಬುದನ್ನು ಶುರುವಿಗೇ ಒಂದು ಮಾತಿನಲ್ಲಿ ಹೇಳಿಬಿಡಿ.

ಇಲ್ಲಿ ರೈಲಿನ ಸದ್ದು ನುಡಿಸುವುದೇ ದೊಡ್ಡ ಬಲೆ. ಮದ್ದಳೆಯಲ್ಲಿ ರೈಲು ಓಡಿಸುವುದು ಯಾರಿಗೆ ಬರುವುದಿಲ್ಲ ಹೇಳಿ? ಮಕ್ಕಳಿಗೆ ತೋರಿಸುವ ಮೊದಲ ತಮಾಷೆಯೇ ಅದು. ಜನ ಚಪ್ಪಾಳೆಯನ್ನೂ ತಟ್ಟುತ್ತಾರೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಅವರಿಗೆ ಬೇಸರ, ನಿಮಗೆ ಬೆರಳು ನೋವು. ರೈಲು ಪರದೆಯಲ್ಲೇ ಓಡುತ್ತಿದೆ, ಅದಕ್ಕೆ ನೀವು ಬೇಡ. ಹೋಗುವ ದಾರಿಗೆ ಒಂದು ನಡೆ ಇಟ್ಟುಕೊಳ್ಳಿ. ಬರುವ ದಾರಿಗೂ ಅದೇ ನಡೆ, ಕಾಲ ಮಾತ್ರ ಏರಲಿ. ಹೋದ ದಾರಿಯಲ್ಲೇ ಬರುತ್ತಿದ್ದಾನೆ ಎಂದು ಕಿವಿಗೆ ಮೊದಲು ಗೊತ್ತಾಗುತ್ತದೆ.

ಹುಡುಗಿ ಬೈದು ಹೋದ ಮೇಲೆ ಅವನು ಎಂಜಿನ್ನಿನ ಚಕ್ರ ತಿರುಗಿಸುವ ಉದ್ದ ಸರಳಿನ ಮೇಲೆ ಹೋಗಿ ಕೂರುತ್ತಾನೆ. ಬೇಸರದಲ್ಲಿ ಮೈಮರೆತಿದ್ದಾನೆ. ಎಂಜಿನ್ ಹೊರಡುತ್ತದೆ. ಸರಳಿನ ಜೊತೆ ಅವನು ಮೇಲೆ, ಕೆಳಗೆ, ಮೇಲೆ, ಕೆಳಗೆ. ಗೊತ್ತಾಗುವ ಹೊತ್ತಿಗೆ ಎಂಜಿನ್ ಶೆಡ್ಡಿನ ಒಳಗೆ. ಚಕ್ರ ಸ್ವಲ್ಪ ಜಾರಿ ಗಿರ್ರನೆ ತಿರುಗಿದ್ದರೆ ಸತ್ತೇ ಹೋಗುತ್ತಿದ್ದ. ಇದಕ್ಕೆ ಬಲಗೈಯ ಒಂದೇ ಬೆರಳು, ಬಹಳ ನಿಧಾನ. ಭಾಗವತರು ಶ್ರುತಿ ಹಿಡಿದು ಒಂದು ಆಲಾಪ ತೆಗೆದರೆ ಇನ್ನೂ ಒಳ್ಳೆಯದು. ನಮ್ಮವರು ಅಲ್ಲಿ ಮೋಹನದ ನಾಲ್ಕು ಸ್ವರ ಹಾಡುತ್ತಾರೆ, ಅಷ್ಟಕ್ಕೇ ಹಾಲ್ ಕರಗುತ್ತದೆ.

ಸೇತುವೆ ಮುರಿದು ಎಂಜಿನ್ ಹೊಳೆಗೆ ಬೀಳುವುದು ಒರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಬಳಿ ತೆಗೆದದ್ದು. ನಿಜವಾದ ಎಂಜಿನ್, ನಿಜವಾದ ಸೇತುವೆ, ಒಂದೇ ಟೇಕ್. ಎಲ್ಲರೂ ಅದು ಬೀಳುವಾಗ ಬಾರಿಸುತ್ತಾರೆ. ನಾನು ಬಿದ್ದ ನಂತರ ಕಾಯುತ್ತೇನೆ. ಅಪ್ಪಣೆ ಕೊಟ್ಟ ಸೇನಾಧಿಕಾರಿಯ ಮುಖ ತೋರಿಸುತ್ತಾರೆ, ಬಾಯಿ ಕಟ್ಟಿಹೋಗಿದೆ. ನನ್ನ ಒಂದು ಪೆಟ್ಟು ಆ ಮುಖಕ್ಕೆ. ಇಷ್ಟೆಲ್ಲ ಮಾಡಿದರೂ ಆ ಕಾಲದಲ್ಲಿ ಚಿತ್ರ ಸೋತಿತು. ಕೈಯಲ್ಲಿದ್ದ ಸ್ವಾತಂತ್ರ್ಯ ಅಲ್ಲಿಂದ ಸಡಿಲವಾಗತೊಡಗಿತು.

ಚೆಂಡೆಗೆ ಒಂದು ಜಾಗ ಇದೆ ಎಂದಿದ್ದೆನಲ್ಲ, ಅದು 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್'ನ ಸುಂಟರಗಾಳಿ. ಊರಿಗೆ ಊರೇ ಹಾರಿಹೋಗುತ್ತದೆ. ಚೆಂಡೆಯವರನ್ನು ಹಾಲಿನ ಹೊರಗೆ, ವರಾಂಡದಲ್ಲಿ ಕೂರಿಸಿ ಬಾಗಿಲು ಅರ್ಧ ತೆರೆದಿಡಿ. ಮಳೆಯ ಸದ್ದಿನ ಜೊತೆ ಸೇರಿ ಬರುತ್ತದೆ. ನಮ್ಮಲ್ಲಿ ಒಬ್ಬ ಅಜ್ಜಿ, ಹಂಚು ಹಾರಿತೋ ಏನೋ ಎಂದು ಎದ್ದು ಹೊರಗೆ ಹೋಗಿ ನೋಡಿ ಬಂದರು.

ಆದರೆ ಮನೆಯ ಮುಂಭಾಗ ಇಡಿಯಾಗಿ ಅವನ ಮೇಲೆ ಬೀಳುವಾಗ ಎಲ್ಲವೂ ನಿಲ್ಲಬೇಕು. ತೆರೆದ ಕಿಟಕಿಯ ಜಾಗದಲ್ಲಿ ಅವನು ನಿಂತಿದ್ದಾನೆ, ಗೋಡೆ ಅವನ ಸುತ್ತ ಬೀಳುತ್ತದೆ. ಕೆಲವೇ ಇಂಚು ಆಚೀಚೆ ಆಗಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಚೆಂಡೆಯವರಿಗೆ ಹೊರಗಿನಿಂದ ಪರದೆ ಕಾಣುವುದಿಲ್ಲ. ಹಾಗಾಗಿ ಬಾಗಿಲ ಬಳಿ ಒಬ್ಬ ಹುಡುಗನನ್ನು ನಿಲ್ಲಿಸಿ, ಗೋಡೆ ವಾಲಿದ ಕೂಡಲೇ ಕೈ ಎತ್ತಲು ಹೇಳಿ. ಹುಡುಗ ಚಿತ್ರ ನೋಡುತ್ತಾ ಕೈ ಎತ್ತಲು ಮರೆಯುತ್ತಾನೆ. ಎರಡು ಸಲ ಅಭ್ಯಾಸ ಮಾಡಿಸಿ.

ಬರಹಗಳನ್ನು ಓದುವುದು

ಮೂಕಿಯಲ್ಲಿ ನಡುನಡುವೆ ಬರಹದ ಫಲಕ ಬರುತ್ತದೆ. ಉಳಿದವರು ಒಂದು ಚಿತ್ರಕ್ಕೆ ಇನ್ನೂರಕ್ಕಿಂತ ಹೆಚ್ಚು ಬಳಸುತ್ತಿದ್ದಾಗ ತಾನು 56ಕ್ಕಿಂತ ಜಾಸ್ತಿ ಬಳಸಿದ್ದೇ ಇಲ್ಲ ಎಂದು ಕೀಟನ್ ಹೇಳಿಕೊಳ್ಳುತ್ತಿದ್ದ. ನಮಗೆ ಅನುಕೂಲವೇ.

ಮೊದಲು ಭಾಗವತರು ಅದನ್ನೆಲ್ಲ ಪದ್ಯ ಮಾಡಿ ಹಾಡಿದರು. ಪದ್ಯ ಚೆನ್ನಾಗಿತ್ತು. ಮುಗಿಯುವ ಹೊತ್ತಿಗೆ ಎರಡು ದೃಶ್ಯ ಹೋಗಿತ್ತು. ಈಗ ನಿವೃತ್ತ ಮಾಸ್ಟ್ರೊಬ್ಬರು ನಮ್ಮ ಕುಂದಗನ್ನಡದಲ್ಲಿ ಓದುತ್ತಾರೆ. ಒಂದು ಫಲಕಕ್ಕೆ ಒಂದು ವಾಕ್ಯ. ಪುಸ್ತಕದಲ್ಲಿ ಮೊದಲೇ ಬರೆದುಕೊಂಡಿರುತ್ತಾರೆ, ಫಲಕ ಬಂದ ಕೂಡಲೇ ಓದುತ್ತಾರೆ, ಅದು ಹೋಗುವ ಮೊದಲೇ ನಿಲ್ಲಿಸುತ್ತಾರೆ. ಓದುವಾಗ ನಾನು ಕೈ ತಗ್ಗಿಸುತ್ತೇನೆ, ನಿಲ್ಲಿಸುವುದಿಲ್ಲ. 'ಒನ್ ವೀಕ್'ನಲ್ಲಿ ಕ್ಯಾಲೆಂಡರಿನ ಹಾಳೆ ಹರಿಯುತ್ತಾ ದಿನ ಬದಲಾಗುತ್ತದೆ. ಅಲ್ಲಿ ಮಾಸ್ಟ್ರು ಬರೇ "ಮಂಗಳವಾರ" ಎನ್ನುತ್ತಾರೆ. ಅವರು ಹೇಳುವ ರೀತಿಗೇ ಮಕ್ಕಳು ನಗುತ್ತಾರೆ. ಫಲಕ ಇಲ್ಲದ ಕಡೆ ಬಾಯಿ ಹಾಕಬಾರದು ಎಂದು ಅವರಿಂದ ಮಾತು ತೆಗೆದುಕೊಂಡಿದ್ದೇವೆ. ಮೂವತ್ತು ವರ್ಷ ಪಾಠ ಮಾಡಿದವರು, ಕಷ್ಟವೇ.

ಕೊನೆಯ ಸಂಜೆ

1928ರಲ್ಲಿ ಕೀಟನ್ ತನ್ನ ಸ್ವಂತ ಘಟಕ ಬಿಟ್ಟು ಎಂಜಿಎಂ ಕಂಪನಿಗೆ ಸೇರಿದ. ಬದುಕಿನ ಅತಿ ದೊಡ್ಡ ತಪ್ಪು ಅದು ಎಂದು ಆಮೇಲೆ ತಾನೇ ಹೇಳಿದ್ದ. ಅಲ್ಲಿ ಎಲ್ಲಕ್ಕೂ ಲಿಖಿತ ಕಥೆ ಬೇಕು, ಮೇಲಿನವರ ಒಪ್ಪಿಗೆ ಬೇಕು. 1929ರ 'ಸ್ಪೈಟ್ ಮ್ಯಾರೇಜ್' ಕೊನೆಯ ಮೂಕಿ. ಮಾತಿನ ಚಿತ್ರ ಬಂತು, ಕುಡಿತ ಹತ್ತಿತು, ಮದುವೆ ಮುರಿಯಿತು, 1933ರಲ್ಲಿ ಕಂಪನಿ ಕೆಲಸದಿಂದ ತೆಗೆಯಿತು. 1940ರಲ್ಲಿ ಎಲೀನರ್ ನಾರಿಸ್ ಜೊತೆ ಆದ ಮದುವೆ ಅವನನ್ನು ಮತ್ತೆ ನಿಲ್ಲಿಸಿತು. ಹಳೆಯ ಚಿತ್ರಗಳನ್ನು ಜನ ಮತ್ತೆ ಹುಡುಕಿ ನೋಡಿದರು. 1960ರಲ್ಲಿ ಗೌರವ ಆಸ್ಕರ್ ಬಂತು. ತೀರಿಕೊಂಡದ್ದು 1966ರ ಫೆಬ್ರವರಿ 1. ಇದನ್ನೆಲ್ಲ ಮಗಳು ಚಿತ್ರಕ್ಕೆ ಮೊದಲು ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಾಳೆ. ಭಾಷಣ ಉದ್ದವಾದರೆ ಗೋಳಿಬಜೆ ತಣ್ಣಗಾಗುತ್ತದೆ.

ಕೊನೆಯ ಸಂಜೆಗೆ 'ದಿ ಕ್ಯಾಮೆರಾಮನ್' ಇಡಿ. 1928ರದ್ದು, ಎಂಜಿಎಂನಲ್ಲಿ ಮೊದಲನೆಯದು. ಬೇಸ್‌ಬಾಲ್ ಆಟ ಚಿತ್ರಿಸಲು ದೊಡ್ಡ ಮೈದಾನಕ್ಕೆ ಹೋಗುತ್ತಾನೆ. ಅವತ್ತು ಆಟ ಅಲ್ಲಿಲ್ಲ. ಖಾಲಿ. ಕ್ಯಾಮೆರಾ ಬದಿಗಿಟ್ಟು, ಚೆಂಡೂ ಇಲ್ಲದೆ ಬ್ಯಾಟೂ ಇಲ್ಲದೆ ಒಬ್ಬನೇ ಇಡೀ ಆಟ ಆಡುತ್ತಾನೆ. ಎಸೆಯುವವನೂ ಅವನೇ, ಹೊಡೆಯುವವನೂ ಅವನೇ, ಓಡುವವನೂ ಅವನೇ. ಆಡಿ ಮುಗಿದ ಮೇಲೆ, ಇಲ್ಲದ ಜನಕ್ಕೆ ಟೊಪ್ಪಿ ಎತ್ತುತ್ತಾನೆ.

ಅಲ್ಲಿಗೆ ನಾನು ಏನೇನೋ ನುಡಿಸಿ ನೋಡಿದ್ದೇನೆ. ತಿತ್ತಿತ್ತೈ ತಾಳ, ಏಕತಾಳ, ಬರೇ ಬೆರಳಿನ ಸದ್ದು. ಯಾವುದೂ ಕೂರಲಿಲ್ಲ. ಈಗ ಆ ಭಾಗ ಬಂದಾಗ ಮದ್ದಳೆಯ ಎರಡೂ ಕಡೆ ಅಂಗೈ ಇಟ್ಟು, ಚರ್ಮ ತಾನಾಗಿಯೂ ಮಿಡಿಯದ ಹಾಗೆ ಹಿಡಿದು ಕೂರುತ್ತೇನೆ. ಹಾರ್ಮೋನಿಯಂ ಕೂಡ ನಿಲ್ಲುತ್ತದೆ. ಹೊರಗೆ ಮಳೆ ಇದ್ದರೆ ಅದು ಕೇಳುತ್ತದೆ.